ಮಿಲ್ಲಿನ ಮನೆಯ ಕಂಪ್ಯೂಟರಿಗೆ ಹಿಡಿದ ರೋಗ

“ನಿಮ್ಮ ಕೇರಿಯೋರಿಗೆ ಇದೆಲ್ಲ ಹತ್ತೋದಲ್ಲಪ್ಪ” ಎಂದು ಮೊದಲು ಹೇಳಿದವರು ನ್ಯಾಮತಿಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಪಾಸಾದಾಗ ಹೇಳಿದರು, ಹೊನ್ನಾಳಿಯಲ್ಲಿ ಪಿಯುಸಿಗೆ ಸೇರುವಾಗ ಹೇಳಿದರು, ದಾವಣಗೆರೆಗೆ ಬಿ.ಎಸ್ಸಿ. ಓದಲು ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಮತ್ತೊಮ್ಮೆ ಹೇಳಿದರು. ಕೆಟ್ಟ ಮನುಷ್ಯರೇನಲ್ಲ. ಇವತ್ತು ಮಳೆ ಬರೋ ಹಂಗಿಲ್ಲ ಎನ್ನುವ ಹಾಗೆ, ನಗುನಗುತ್ತ, ನನ್ನ ಒಳ್ಳೆಯದಕ್ಕೆಂದೇ ಹೇಳುತ್ತಿದ್ದರು.

ಎರಡನೆಯವನು ತ್ಯಾವಣಿಗೆ ಕಡೆಯ ಊರೊಂದರ ಅಕ್ಕಿ ಮಿಲ್ಲಿನ ಸಾಹುಕಾರ. ಅವನು ನಗುತ್ತಿರಲಿಲ್ಲ. ಚನ್ನಗಿರಿಯ ರಿಪೇರಿ ಅಂಗಡಿಯಲ್ಲಿ, ನನ್ನ ಮಾಲೀಕರ ಮುಂದೆ, ನಾನು ಅಲ್ಲೇ ನಿಂತಿರುವಾಗಲೇ ಬೆರಳು ತೋರಿಸಿ ಅಂದ: “ಇವ್ನು ಈ ಕೆಲ್ಸ ಕಲಿಯೋದು ಈ ಜನ್ಮದಾಗೆ ಆಗೋ ಮಾತಲ್ಲ. ಇವನಿಗೆ ಸರ್ಟಿಫಿಕೇಟ್ ಕೊಟ್ಟು ನೋಡು, ನಿನ್ನ ಅಂಗಡಿ ಕಡೆ ನನ್ನ ನೆಳ್ಳೂ ಬೀಳಲ್ಲ.” ಎದುರಿಗಿದ್ದಾಗ ಅವನನ್ನು ಸಾವ್ಕಾರ್ರೇ ಎನ್ನುತ್ತಿದ್ದೆ, ರೀ ಹಚ್ಚುತ್ತಿದ್ದೆ. ಈಗ ಬರೆಯುವಾಗ ಕೈಗೆ ಬಹುವಚನ ಬರುತ್ತಿಲ್ಲ. ಬಲವಂತ ಮಾಡುವುದಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡಬೇಕಾದವರು ಬೇರೆ ಇದ್ದಾರೆ. ಅಪ್ಪ ಸೂರಗೊಂಡನಕೊಪ್ಪದ ಸುತ್ತಲಿನ ಹೊಲಗಳಿಗೆ ಕೂಲಿ ಹೋಗುತ್ತಿದ್ದ. ಅವ್ವ ಊರ ಮೇಲಿನ ಜಾತಿಯವರ ಕೊಟ್ಟಿಗೆ ಬಳಿಯುತ್ತಿದ್ದಳು. ಎಪ್ಪತ್ತರ ದಶಕದ ನನ್ನ ಬೆಳಗುಗಳೆಲ್ಲ ಆ ಕೊಟ್ಟಿಗೆಗಳಲ್ಲೇ ಕಳೆದವು. ಅವ್ವ ಸಗಣಿ ಬಾಚುವಳು, ನಾನು ಗಂಜಲ ನಿಂತ ಗುಂಡಿಯನ್ನು ಡಬ್ಬಿಯಿಂದ ತೋಡಿ ತಿಪ್ಪೆಗೆ ಸುರಿಯುವೆ. ಆಮೇಲೆ ಹಳ್ಳದಲ್ಲಿ ಕೈಕಾಲು ತಿಕ್ಕಿ ತೊಳೆದು ಸ್ಕೂಲಿಗೆ ಓಡಿದರೂ ಪಕ್ಕ ಕೂತವನು ಮೂಗು ಮುಚ್ಚಿಕೊಳ್ಳುತ್ತಿದ್ದ. ಅವರದೇ ದನದ ಗಂಜಲ, ಅವರದೇ ಕೊಟ್ಟಿಗೆ, ನಾತ ಮಾತ್ರ ನನ್ನದು.

ಕಾಲೇಜಿನ ಲ್ಯಾಬಿನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಿದ್ದರು. ರಜೆಯಲ್ಲಿ ಹಾಸ್ಟೆಲ್ ಖಾಲಿಯಾದಾಗ ನಾನು ಲ್ಯಾಬಿನವರನ್ನು ಕಾಡಿ ಬೇಡಿ ಅದರ ಮುಂದೆ ಕೂರುತ್ತಿದ್ದೆ. ಊರಿಗೆ ಹೋದರೆ ಕಳೆ ಕೀಳಬೇಕಿತ್ತು, ಅದೂ ಒಂದು ಕಾರಣ. ಹಾಗೆ ಕೂತು ಅದರ ಭಾಷೆ ಕಲಿತೆ, ಅದರ ಹೊಟ್ಟೆಯಲ್ಲಿ ಏನೇನಿದೆ ಎಂದು ಪುಸ್ತಕ ಇಟ್ಟುಕೊಂಡು ತಿಳಿದುಕೊಂಡೆ.

ಡಿಗ್ರಿ ಬಂತು, ಕೆಲಸ ಬರಲಿಲ್ಲ. ಚನ್ನಗಿರಿಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದ ಒಬ್ಬರು ನನ್ನನ್ನು ಅಂಗಡಿಗೆ ಸೇರಿಸಿಕೊಂಡರು. ಊರೆಲ್ಲ ಅವರನ್ನು ಭಾಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಆಗ ಮನೆಮನೆಗೆ ಟಿ.ವಿ. ಬರುತ್ತಿದ್ದ ಕಾಲ, ಕೈತುಂಬ ಕೆಲಸ. ಅಷ್ಟರಲ್ಲಿ ಜಗಳೂರಿನಲ್ಲಿ ರಿಪೇರಿ ಕೆಲಸ ಕಲಿಸುವ ಒಂದು ತರಬೇತಿ ಕೇಂದ್ರ ತೆರೆಯುತ್ತಾರೆಂದು ಸುದ್ದಿ ಬಂತು. ಕಲಿಸುವವರು ಬೇಕು, ವಿಜ್ಞಾನದ ಡಿಗ್ರಿ ಆಗಿರಬೇಕು, ಜೊತೆಗೆ ರಿಪೇರಿ ಅಂಗಡಿಯಲ್ಲಿ ದುಡಿದದ್ದಕ್ಕೆ ಮಾಲೀಕರ ಸರ್ಟಿಫಿಕೇಟ್ ಬೇಕು. ನಾನು ಮೇಷ್ಟ್ರಾಗುವುದು! ಅರ್ಜಿಗೆ ಉಳಿದಿದ್ದದ್ದು ಆ ಒಂದು ಸರ್ಟಿಫಿಕೇಟ್.

ಭಾಯಿಯನ್ನು ಕೇಳಿದೆ.

“ಕೊಡ್ತೀನಿ. ಸುಮ್ಮಸುಮ್ಮನೆ ಕೊಡಲ್ಲ” ಅಂದರು ಅವರು, ಸೋಲ್ಡರ್ ಹೊಗೆಗೆ ಕಣ್ಣು ಕಿರಿದು ಮಾಡಿ. “ಕಷ್ಟದ್ದು ಒಂದು ಸೆಟ್ಟು, ನಾನು ಕೈ ಹಾಕದಂಗೆ ನೀನೇ ರಿಪೇರಿ ಮಾಡು. ಗಿರಾಕಿ ಬಂದು ನನ್ನ ಮುಂದೆ ‘ಆಯ್ತು’ ಅನ್ನಬೇಕು. ಅವತ್ತೇ ಸೈನ್ ಹಾಕ್ತೀನಿ.”

ಆ ಕಷ್ಟದ ಸೆಟ್ಟಾಗಿ ಬಂದದ್ದು ಮಿಲ್ಲಿನ ಸಾಹುಕಾರನ ಕಂಪ್ಯೂಟರ್.

ಮಸ್ಕತ್‌ನಲ್ಲಿದ್ದ ಅಳಿಯ ತಂದುಕೊಟ್ಟದ್ದು. ಅಂಗೈಯೆರಡು ಜೋಡಿಸಿದಷ್ಟು ಅಗಲದ ಕಪ್ಪು ಡಬ್ಬ, ಮೇಲೆ ರಬ್ಬರಿನ ಗುಂಡಿಗಳು. ಟಿ.ವಿ.ಗೆ ವೈರ್ ಸಿಕ್ಕಿಸಬೇಕು, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಬೇಕು. ಬೋರ್ ಕೊರೆಯುವ ಲಾರಿಯ ಹಾಗೆ ಅದು ಕಿರುಚಿ ಕಿರುಚಿ, ಕೊನೆಗೆ ತೆರೆಯ ಮೇಲೆ ಆಟ ಮೂಡುತ್ತಿತ್ತು. ಅಳಿಯ ತಂದದ್ದು ಲೆಕ್ಕಪತ್ರಕ್ಕೆಂದು. ಮಾವ ಹಿಡಿದುಕೊಂಡದ್ದು ವಿಮಾನದ ಆಟ. ಐವತ್ತು ದಾಟಿದ ಮನುಷ್ಯ, ಸಂಜೆಯಾದರೆ ಹಜಾರದಲ್ಲಿ ಕಾಲು ಚಾಚಿ ಕೂತು, ಪಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ವಿಮಾನ ಹೊಡೆಯುತ್ತಿದ್ದ. ಸುತ್ತ ಅವನ ಹಂಗಿನಲ್ಲಿರುವ ಮೂರ್ನಾಲ್ಕು ಜನ.

“ಎಡಕ್ಕೆ ಸಾವ್ಕಾರ್ರೇ, ಎಡಕ್ಕೆ!”

“ಹೊಡೀರಿ, ಹೊಡೀರಿ! ಬಿತ್ತು ನೋಡು ಮಗಂದು!”

“ಏ, ಸಾವ್ಕಾರ್ರು ಮಿಲಿಟ್ರಿಗೆ ಹೋಗಬೇಕಿತ್ತು ಬಿಡ್ರಲೇ.”

ಬಜ್ಜಿಯ ಎಣ್ಣೆ ಮೆತ್ತಿದ ಬೆರಳಲ್ಲೇ ಗುಂಡಿ ಒತ್ತುತ್ತಿದ್ದ. ರಬ್ಬರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿ, ಅದಕ್ಕೆ ಮಂಡಕ್ಕಿಯ ಖಾರದ ಪುಡಿ ಅಂಟಿ, ಅಕ್ಷರ ಕಾಣುತ್ತಿರಲಿಲ್ಲ. ಎಲೆಅಡಿಕೆ ಉಗಿಯಲು ಇಟ್ಟ ತಗಡಿನ ಡಬ್ಬಿ ತುಂಬಿ ಅಂಚಿನಿಂದ ಇಳಿಯುತ್ತಿತ್ತು. ಇಂಥ ಹಜಾರಕ್ಕೆ ನಾನು ಕಾಲಿಟ್ಟಾಗ ಆಳು ಬಂದು ನನ್ನ ಕೆಳಗೆ ಗೋಣಿಚೀಲ ಹಾಸಿದ. ನೆಲ ಹಾಳಾಗಬಾರದಲ್ಲ. ಸಾಹುಕಾರನ ತಾಯಿ, ಬೆನ್ನು ಬಾಗಿದ ಅಜ್ಜಿ, ನಡುಮನೆಯ ಬಾಗಿಲಲ್ಲಿ ಕೂತು ನನ್ನ ಕೈ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂದೇ ನೋಡುತ್ತಿದ್ದಳು. ಚಹಾ ಬೇಕೇನೋ ಎಂದು ಕೇಳಿದರು. ಜಗಲಿಯ ಗೂಡಿನಲ್ಲಿ ನಮ್ಮಂಥವರಿಗೆಂದೇ ಬೇರೆ ಬೋರಲು ಹಾಕಿದ್ದ ಲೋಟ ಬರುವಾಗಲೇ ಕಂಡಿತ್ತು. ಬೇಡ ಎಂದೆ.

ಮೊದಲ ಸಲದ ಕಾಯಿಲೆ ಸುಲಭದ್ದು. ಆಟ ನಡೆಯುತ್ತಿದ್ದ ಹಾಗೇ ತೆರೆ ಪೂರಾ ಬೆಳ್ಳಗಾಗಿ, ಯಂತ್ರ ಆಗತಾನೇ ಹಚ್ಚಿದ ಹಾಗೆ ಮೊದಲಿನಿಂದ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತು ಕಿವಿಗೊಟ್ಟೆ. ಮನೆಯ ಹಿಂದಿನ ಮಿಲ್ಲಿನಲ್ಲಿ ಮೋಟಾರು ಹಚ್ಚಿದಾಗಲೆಲ್ಲ ಹಜಾರದ ಬಲ್ಬು ಒಂದು ಗಳಿಗೆ ಕೆಂಪಾಗುತ್ತಿತ್ತು. ಆಗಲೇ ಆಟವೂ ಹೋಗುತ್ತಿತ್ತು. ಮೋಟಾರಿನ ಹೊರೆ ಇಲ್ಲದ ಇನ್ನೊಂದು ಲೈನಿನಿಂದ ವೈರ್ ಎಳೆದು ಕೊಟ್ಟೆ. ಮೋಟಾರು ಹಚ್ಚಿದರು, ನಿಲ್ಲಿಸಿದರು, ಮತ್ತೆ ಹಚ್ಚಿದರು. ವಿಮಾನ ಹಾರುತ್ತಲೇ ಇತ್ತು.

“ಭಾಯಿಗೆ ಒಂದು ಮಾತು ಹೇಳ್ತೀರಾ ಸಾವ್ಕಾರ್ರೇ, ಆಯ್ತು ಅಂತ?” ಅಂದೆ.

“ನಾಕು ದಿನ ಆಡಿ ನೋಡ್ತೀನಿ ತಡಿ. ಅವಸರ ಏನೈತೆ ನಿನಗೆ?”

ನಾಲ್ಕು ದಿನ ಕಾಯಲೇ ಇಲ್ಲ. ಮರುದಿನವೇ ಮಿಲ್ಲಿನ ಆಳು ಬಸ್ಸಿನಲ್ಲಿ ಬಂದಿಳಿದ. ಮಿಷನ್ ಕೆಟ್ಟೈತಂತೆ, ಸಾವ್ಕಾರ್ರು ಬೈತಾವ್ರೆ, ಬರಬೇಕಂತೆ.

ಈ ಸಲದ್ದು ಬೇರೆ ಕಾಯಿಲೆ. ಆಟ ಶುರುವಾಗುತ್ತಿತ್ತು, ವಿಮಾನ ಅರ್ಧ ದಾರಿ ಹೋಗುತ್ತಿತ್ತು, ಆಮೇಲೆ ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ, ತೆರೆಯ ತುಂಬ ಬಣ್ಣದ ಚೌಕ, ಟಿ.ವಿ.ಯಲ್ಲಿ ಗುಯ್ ಎಂಬ ಸದ್ದು, ಯಾವ ಗುಂಡಿ ಒತ್ತಿದರೂ ಮಿಸುಕದು. ಮಿಲ್ಲು ನಿಂತಿದ್ದಾಗಲೂ ಹಾಗೇ. ಆದರೆ ಆಟ ಬಿಟ್ಟು ನಾನು ನಾಲ್ಕು ಸಾಲು ಟೈಪ್ ಮಾಡಿ ಲೆಕ್ಕ ಕೊಟ್ಟರೆ ಬೆಳಗಿನಿಂದ ಮಧ್ಯಾಹ್ನದವರೆಗೂ ಒಂದು ತಪ್ಪಿಲ್ಲದೆ ಮಾಡುತ್ತಿತ್ತು.

ಇಂಥ ಕಡೆ ಕಲಿತವನು ಮಾಡುವುದು ಒಂದೇ: ಒಂದೊಂದನ್ನೇ ಬದಲಿಸಿ, ಉಳಿದದ್ದೆಲ್ಲ ಹಾಗೇ ಬಿಟ್ಟು ನೋಡುವುದು. ಕ್ಯಾಸೆಟ್ಟಿನ ಮೇಲೆ ಮೊದಲ ಅನುಮಾನ. ಟೇಪಿನ ಹೆಡ್ ಒರೆಸಿ, ಬೇರೆ ಟೇಪ್‌ರೆಕಾರ್ಡರಿನಿಂದ ಆಟ ಹಾಕಿದೆ. ಕೆಟ್ಟಿತು. ಕರೆಂಟಿನ ಅಡಾಪ್ಟರ್ ಇರಬಹುದು ಎಂದು ಮತ್ತೊಂದು ದಿನ ಅಂಗಡಿಯಿಂದ ಬೇರೆಯದನ್ನು ಹೊತ್ತುಕೊಂಡು ಹೋಗಿ ಜೋಡಿಸಿದೆ. ಇನ್ನೂ ಬೇಗ ಕೆಟ್ಟಿತು. ಒಳಗೆ ಕಾವು ಏರಿ ಹೀಗಾಗುತ್ತಿರಬಹುದು ಎಂದು ಇನ್ನೊಂದು ದಿನ ಟೇಬಲ್ ಫ್ಯಾನ್ ಹಚ್ಚಿ, ಅದರ ಗಾಳಿಗೆ ಇಟ್ಟು ಆಡಿಸಿದೆ. ಲೋಡ್ ಆಗುವುದಕ್ಕೇ ಒದ್ದಾಡಿತು. ನಾನು ಹೋದಷ್ಟೂ ಅದು ಕೆಡುತ್ತಿತ್ತು. ನಾನು ಹೋಗದ ವಾರ ಒಂದಿಷ್ಟು ಸುಧಾರಿಸಿರುತ್ತಿತ್ತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸಾಹುಕಾರ ಅದನ್ನು ನನಗಿಂತ ಮೊದಲು ಗಮನಿಸಿದ.

“ನೋಡ್ರಲೇ, ಇವನು ಬಂದು ಹೋದ ಮ್ಯಾಲೇ ಕೆಡ್ತೈತೆ. ಕೈಗುಣ ಅಂದ್ರೆ ಇದು.”

“ಕೊಟ್ಟಿಗೆ ಬಳಿಯೋ ಕೈಗೆ ಕಂಪೂಟ್ರು ಕೊಟ್ರೆ ಇನ್ನೇನಾಗ್ತೈತೆ ಸಾವ್ಕಾರ್ರೇ” ಎಂದ ಹಿಂದೆ ಕೂತವನೊಬ್ಬ. ಎಲ್ಲರೂ ನಕ್ಕರು. ನಾನು ಪ್ಲಗ್ಗಿನ ಸ್ಕ್ರೂ ಬಿಗಿಸಿದೆ. ಬಾಯಿ ತೆರೆದರೆ ಸರ್ಟಿಫಿಕೇಟ್ ಹೋಗುತ್ತಿತ್ತು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಟೈಪ್ ಮಾಡುವ ನಾಲ್ಕು ಸಾಲಿಗೂ ವಿಮಾನದ ಆಟಕ್ಕೂ ಇರುವ ವ್ಯತ್ಯಾಸವೇನು? ಆಟ ದೊಡ್ಡದು. ಆ ಯಂತ್ರದ ಮೆಮೊರಿ ಎರಡು ಪಾಲು. ಕೆಳಗಿನ ಚಿಕ್ಕ ಪಾಲಿನಲ್ಲೇ ನನ್ನ ನಾಲ್ಕು ಸಾಲು ಮುಗಿದುಹೋಗುತ್ತದೆ. ದೊಡ್ಡ ಆಟ ಹಾಕಿದಾಗ ಮಾತ್ರ ಮೇಲಿನ ಪಾಲೂ ತುಂಬುತ್ತದೆ. ಹಾಗಾದರೆ ಹುಳುಕು ಇರುವುದು ಮೇಲಿನ ಪಾಲಿನಲ್ಲಿ. ಎದ್ದು ಕಿರುಚಬೇಕು ಅನ್ನಿಸಿತು. ಪಕ್ಕದಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದವನಿಗೆ ಹೇಳಿದರೆ ಏನು ತಿಳಿಯುತ್ತಿತ್ತು?

ಮಿಲ್ಲಿಗೆ ರಜೆ ಇದ್ದ ದಿನ ಹೋದೆ. ಪುಟ್ಟ ಪ್ರೋಗ್ರಾಂ ಟೈಪ್ ಮಾಡಿದೆ. ಮೇಲಿನ ಮೆಮೊರಿಯ ಒಂದೊಂದು ಮನೆಗೂ ಅದು ಹಿಡಿಸುವ ದೊಡ್ಡ ಸಂಖ್ಯೆ, ಅಂದರೆ ಇನ್ನೂರ ಐವತ್ತೈದು, ಇಡುವುದು. ತಕ್ಷಣ ಅದನ್ನೇ ವಾಪಸು ಓದಿ, ಇಟ್ಟದ್ದೇ ಬಂತೋ ನೋಡುವುದು. ಇಷ್ಟೇ ಅದರ ಕೆಲಸ. ತುಂಬ ನಿಧಾನ. ಸಾಹುಕಾರನಿಗೆ ವಿಮಾನ ಬೇಕಾಗಿತ್ತು.

“ಏನೋ ಇದು, ಬರೇ ಅಂಕಿ ಬರ್ತಾವೆ?”

“ಎಲ್ಲಿ ಹುಳುಕೈತೆ ಅಂತ ನೋಡ್ತಿದೀನ್ರೀ.”

“ಹುಳುಕು ನಿನ್ನ ತಲೆಯಾಗೈತೆ” ಎಂದು ಎದ್ದು ಹೋದ.

ತೆರೆಯ ಮೇಲೆ ಇನ್ನೂರ ಇಪ್ಪತ್ತಮೂರು ಎಂದು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಇನ್ನೂರ ಇಪ್ಪತ್ತಮೂರು. ಆಮೇಲೆ ಸಾಲಾಗಿ ಅದೇ. ಯಾವಾಗಲೂ ಮೂವತ್ತೆರಡೇ ಕಡಿಮೆ. ಆ ಮೇಲಿನ ಪಾಲು ಎಂಟು ಚಿಪ್ಪುಗಳ ಸಂಸಾರ. ಒಂದೊಂದು ಚಿಪ್ಪು ಸಂಖ್ಯೆಯ ಒಂದೊಂದು ತುಂಡನ್ನು ಹಿಡಿದಿಡುತ್ತದೆ: ಒಂದು, ಎರಡು, ನಾಲ್ಕು, ಎಂಟು, ಹೀಗೆ ದುಪ್ಪಟ್ಟಾಗುತ್ತ. ಮೂವತ್ತೆರಡು ಮಾತ್ರ ವಾಪಸು ಬರುತ್ತಿಲ್ಲವೆಂದರೆ, ಮೂವತ್ತೆರಡನ್ನು ಹಿಡಿಯುವ ಆ ಒಂದು ಚಿಪ್ಪು ಕೈಬಿಡುತ್ತಿದೆ. ಹಾಸ್ಟೆಲಿನ ಖಾಲಿ ರಜೆಗಳು ಅವತ್ತು ನನಗೆ ಸಾರ್ಥಕವಾದವು. ಆ ಹಜಾರದಲ್ಲಿ ಇದನ್ನು ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆಯಿಂದ ಗೋಣಿಚೀಲದ ಮೇಲೇ ಬೆನ್ನು ನೆಟ್ಟಗೆ ಮಾಡಿ ಕೂತೆ.

ಡಬ್ಬ ಬಿಚ್ಚಿದೆ. ಹಿಂಬದಿಯ ಸೀಳಿನ ಹತ್ತಿರ ಆ ಚಿಪ್ಪಿನ ಲೋಹದ ಕಾಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಾಲು ಕಾಲುಗಳ ನಡುವೆ ಬಿಳಿಯ ಉಪ್ಪಿನಂಥದ್ದು ಕಟ್ಟಿಕೊಂಡಿತ್ತು, ಅಂಚಿನಲ್ಲಿ ಹಳದಿ. ಯಂತ್ರ ಇನ್ನೂ ಬೆಚ್ಚಗಿತ್ತು. ಬಗ್ಗಿ ನೋಡಿದವನು ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡೆ. ಆ ನಾತ ನನಗೆ ಗೊತ್ತಿಲ್ಲದ್ದಲ್ಲ. ಮೈತುಂಬ ಹೊತ್ತು ಸ್ಕೂಲಿಗೆ ಹೋದ ನಾತ. ಆದರೂ ಮಸ್ಕತ್‌ನಿಂದ ಬಂದ ಕಂಪ್ಯೂಟರಿನ ಹೊಟ್ಟೆಯಲ್ಲಿ ಅದು ಇರಬಹುದು ಎಂದು ತಲೆಗೆ ಹೊಳೆಯಲಿಲ್ಲ. ಅಕ್ಕಿ ಮಿಲ್ಲಿನ ಮನೆ, ಇಲಿಯ ಕೆಲಸವೇ ಇರಬೇಕು ಅಂದುಕೊಂಡೆ.

“ಸಾವ್ಕಾರ್ರೇ, ಇದರಾಗೆ ಇಲಿ ಉಚ್ಚೆ ಹೊಯ್ದಾವೆ ಕಣ್ರೀ.”

“ಏ, ನಮ್ಮ ಮನಿಯಾಗೆ ಇಲಿ ಎಲ್ಲೈತೋ!” ಎಂದು ಒಳಗಿನಿಂದಲೇ ಗದರಿದ. ಅವನು ಹಾಗೆನ್ನುವಾಗ ಜಂತಿಯ ಮೇಲೆ ಒಂದು ಓಡುತ್ತಿತ್ತು.

ಸ್ಪಿರಿಟ್ಟಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಆ ಕಾಲುಗಳನ್ನೆಲ್ಲ ತಿಕ್ಕಿದೆ. ಆರಿಸಿದೆ. ಸಂಖ್ಯೆ ಸರಿ ಬಂತು. ಆಟ ಹಾಕಿದರೆ ವಿಮಾನ ಅಡ್ಡಿಯಿಲ್ಲದೆ ಹಾರಿತು. ಸಾಹುಕಾರ ಒಂದು ಆಟ ಆಡಿ, ಎರಡು ದಿನ ನೋಡಿ ಹೇಳ್ತೀನಿ ಎಂದು ಮಿಲ್ಲಿನ ಕಡೆ ಹೋದ. ನಾನು ಬಸ್ಸಿಗೆ ನಡೆದೆ.

ಸ್ಟಾಪಿಗೆ ಬಂದ ಮೇಲೆ ನೆನಪಾಯಿತು, ಕರೆಂಟ್ ಅಳೆಯುವ ಮೀಟರನ್ನು ಹಜಾರದಲ್ಲೇ ಬಿಟ್ಟಿದ್ದೆ. ಭಾಯಿಯ ಮೀಟರು, ಕಳೆದರೆ ಉಳಿಗಾಲವಿಲ್ಲ. ವಾಪಸು ಓಡಿದೆ. ಬಾಗಿಲು ತೆರೆದೇ ಇತ್ತು.

ಅಜ್ಜಿ ಹಜಾರದ ನಡುವೆ ನಿಂತಿದ್ದಳು. ಎಡಗೈಯಲ್ಲಿ ಹಿತ್ತಾಳೆ ತಂಬಿಗೆ, ಬಲಗೈಯಲ್ಲಿ ಮಾವಿನ ಎಲೆಯ ಗೊಂಚಲು. ಅದ್ದಿ ಅದ್ದಿ, ನಾನು ಕೂತಿದ್ದ ಜಾಗಕ್ಕೆ ಚಿಮುಕಿಸಿದಳು, ಟಿ.ವಿ.ಯ ಮರದ ಪೆಟ್ಟಿಗೆಗೆ ಒಂದಿಷ್ಟು ಹಾಕಿದಳು, ಆಮೇಲೆ ಕಂಪ್ಯೂಟರಿನ ಮೇಲೆ, ಮುಂದೆ, ಹಿಂದೆ ತಪಸೀಲಾಗಿ ಹಾಕಿದಳು. ಹಳದಿ ಹನಿಗಳು ಹಿಂಬದಿಯ ಸೀಳಿನೊಳಗೆ ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೆ.

“ಯಾಕೋ ತಮ್ಮಾ, ಏನ್ ಬಿಟ್ಟು ಹೋಗಿದ್ದೆ?” ಅಂದಳು. ಗಾಬರಿಯೇನೂ ಇಲ್ಲ.

“ಏನ್ ಹಾಕ್ತಿದೀರಿ ಅಜ್ಜಿ ಅದ್ರ ಮ್ಯಾಲೆ?”

“ಗಂಜಲ ಕಣಪ್ಪ. ನೀನು ಬಂದು ಹೋದಾಗೆಲ್ಲ ಹಾಕ್ತೀನಿ. ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ ಮತ್ತೆ, ಒಳ್ಳೇ ಹುಡುಗ ನೀನು. ಮನೆ ಅಂದ ಮ್ಯಾಲೆ ಮಾಡಬೇಕಲ್ಲ.”

“ಮಿಷನ್ನಿಗೂನಾ?”

“ನೀನು ಮುಟ್ಟೋದು ಅದನ್ನೇ ಅಲ್ಲೇನೋ? ಅದಕ್ಕೇ ಅದಕ್ಕೆ ಒಂದೀಟು ಜಾಸ್ತಿ.”

ಹೊರಗೆ ಹೋಗಿ ಚರಂಡಿಗೆ ಉಗುಳಿ ಬಂದೆ. ದನದ ಹೊಟ್ಟೆಯಿಂದ ಬಿದ್ದದ್ದು ಅವರಿಗೆ ಮಡಿ. ಅದನ್ನು ದಿನಾ ತೋಡಿ ಹಾಕಿದ ನನ್ನ ಕೈ, ಸೋಪು ಹಚ್ಚಿ ತೊಳೆದ ಕೈ, ಬಿ.ಎಸ್ಸಿ. ಪರೀಕ್ಷೆ ಬರೆದ ಕೈ, ಅವರಿಗೆ ಮೈಲಿಗೆ. ನನ್ನ ಕೈ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಬಳಿದಿದ್ದಾರೆ. ನಾನು ಹೋದಷ್ಟೂ ಯಂತ್ರ ಯಾಕೆ ಕೆಡುತ್ತಿತ್ತು, ಹೋಗದ ವಾರ ಒಣಗಿಕೊಂಡು ಹೇಗೆ ಸುಧಾರಿಸುತ್ತಿತ್ತು ಎಂಬುದಕ್ಕೆ ಬೇರೆ ಪುಸ್ತಕ ಬೇಕಿರಲಿಲ್ಲ.

ಮಿಲ್ಲಿಗೆ ಹೋದೆ. ಸಾಹುಕಾರ ತಕ್ಕಡಿಯ ಹತ್ತಿರ ತನ್ನ ಜನರ ಜೊತೆ ಕೂತಿದ್ದ. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

“ಅಷ್ಟೇನಾ?” ಅಂದ. “ನನಗೂ ಗೊತ್ತೈತೆ. ವಯಸ್ಸಾದೋರು ಏನೋ ಮಾಡ್ಕಂತಾರೆ. ನಾಕು ಹನಿಗೆ ಏನಾಗ್ತೈತೋ? ಗಂಜಲ ಔಷಧಿ ಕಣೋ, ಔಷಧಿ.”

“ಔಷಧಿ ಆದ್ರೆ ನೀವು ಕುಡೀರಿ ಸಾವ್ಕಾರ್ರೇ. ಮಿಷನ್ನಿಗೆ ಯಾಕೆ ಕುಡಿಸ್ತೀರಿ?”

ಹಿಂದೆ ಕೂತಿದ್ದವರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಸಾಹುಕಾರ ಅವರನ್ನು ಆಚೆ ಕಳಿಸಿದ. ಆಮೇಲೆ ದನಿ ತಗ್ಗಿಸಿ, ನನ್ನ ಜೊತೆ ಮೊದಲ ಸಲ ಮನುಷ್ಯನ ಜೊತೆ ಮಾತಾಡುವ ಹಾಗೆ ಮಾತಾಡಿದ.

“ಇದನ್ನ ಊರಾಗೆಲ್ಲ ಹೇಳ್ಕಂಡು ತಿರುಗಬ್ಯಾಡ. ಅಳಿಯನ ಮುಂದೆ ನನಗೆ ಮರ್ಯಾದಿ ಪ್ರಶ್ನೆ. ಸಿಡಿಲು ಬಡೀತು ಅನ್ನು. ಭಾಯಿಗೂ ಹಂಗೇ ಅನ್ನು. ನಾನು ‘ಆಯ್ತು’ ಅಂತೀನಿ. ನಿನ್ನ ಸರ್ಟಿಫಿಕೇಟ್ ನಿನಗೆ.”

ಒಂದು ಮಾತು. ಆ ಒಂದು ಮಾತಿಗೆ ನಾನು ಜಗಳೂರಿನಲ್ಲಿ ಮೇಷ್ಟ್ರು. ಹೂಂ ಅನ್ನಬೇಕೆಂದು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಯಿಂದ ಬಂದದ್ದು ಬೇರೆ.

“ಸಿಡಿಲು ಬಡಿದಿದ್ರೆ ಟಿ.ವಿ.ನೂ ಸುಟ್ಟು ಹೋಗಬೇಕಿತ್ತಲ್ರೀ. ಭಾಯಿ ಕೇಳಿದ್ರೆ ಏನನ್ನಲಿ?”

ಮುಂದಿನ ಸಲ ಯಂತ್ರ ಕೆಟ್ಟಾಗ ಅವನು ನನ್ನನ್ನು ಕರೆಸಲಿಲ್ಲ. ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಆಳಿನ ಕೈಯಲ್ಲಿ ಹೊರಿಸಿಕೊಂಡು ತಾನೇ ಚನ್ನಗಿರಿಗೆ ಬಂದ. ಈ ಜನ್ಮದಲ್ಲಿ ಆಗೋ ಮಾತಲ್ಲ ಎಂದು ನಾನು ಮೊದಲಿಗೆ ಹೇಳಿದೆನಲ್ಲ, ಆ ಮಾತು ಆಡಿದ್ದು ಅವತ್ತೇ.

ಭಾಯಿ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಏನಾಗೈತಪ್ಪ ಅದಕ್ಕೆ?”

“ಗಂಜಲ ಭಾಯಿ. ನಾನು ಮುಟ್ಟಿದ್ದಕ್ಕೆ ಮೈಲಿಗೆ ಅಂತ ಪ್ರತಿ ಸಲ ಹಾಕ್ತಾರೆ. ಮೂವತ್ತೆರಡರ ಚಿಪ್ಪು ತಿಂದು ಹೋಗೈತೆ. ಇನ್ನು ತೊಳೆದ್ರೆ ನಡೆಯಲ್ಲ, ಬದಲಿಸಬೇಕು.”

ಭಾಯಿ ಡಬ್ಬ ಬಿಚ್ಚಿಸಿ, ಬಗ್ಗಿ ಮೂಸಿದರು. ಮೂಗಿಗೆ ಕರವಸ್ತ್ರ ಹಿಡಿದು ಸಾಹುಕಾರನನ್ನು ನೋಡಿದರು.

“ವಾಸನೆ ಬರ್ತೈತಲ್ರೀ ಸಾವ್ಕಾರ್ರೇ.”

ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

“ಹುಡುಗ ಇಲ್ಲೇ ರಿಪೇರಿ ಮಾಡ್ತಾನೆ, ನಿಮ್ಮ ಮನಿಗೆ ಬರಲ್ಲ. ಆಟ ಪೂರಾ ಆದ್ರೆ ‘ಆಯ್ತು’ ಅಂತೀರಾ?”

“ಆದಾಗ ನೋಡಾಣ. ಆಗೋದಂತೂ ಇಲ್ಲ.”

ಚಿಪ್ಪು ಬೆಂಗಳೂರಿನಿಂದ ಬರಬೇಕಾಯಿತು. ಅದು ಬಂದ ದಿನ ಹಳೆಯದರ ಕಾಲುಗಳನ್ನು ಒಂದೊಂದಾಗಿ ಬಿಡಿಸಿದೆ. ಎರಡು ಕಾಲು ಸೋಲ್ಡರಿಂಗ್ ಕಡ್ಡಿ ಸೋಕಿದರೆ ಸಾಕು, ಪುಡಿಯಾಗಿ ಉದುರಿದವು. ಬಿಸಿಗೆ ಮತ್ತೆ ಅದೇ ನಾತ ಎದ್ದು ಅಂಗಡಿಯೆಲ್ಲ ತುಂಬಿತು. ಭಾಯಿ ಎದ್ದು ಹೊರಗೆ ಹೋಗಿ ನಿಂತರು. ನಾನು ಎಲ್ಲಿಗೆ ಹೋಗಲಿ? ಉಸಿರು ಬಿಗಿಹಿಡಿದು ಹೊಸದನ್ನು ಕೂರಿಸಿದೆ, ಮೆಮೊರಿಯ ಪರೀಕ್ಷೆ ಹಚ್ಚಿದೆ. ಒಂದು ಅಂಕಿಯೂ ತಪ್ಪಲಿಲ್ಲ.

ಸಾಹುಕಾರ ಬಂದ. ಅಂಗಡಿಯ ಟಿ.ವಿ.ಗೆ ಜೋಡಿಸಿ ಆಟ ಹಾಕಿದೆ. ಅದು ಕಿರುಚುವ ಸದ್ದಿಗೆ ರಸ್ತೆಯ ಜನ ಬಂದು ಬಾಗಿಲಲ್ಲಿ ಕಿಕ್ಕಿರಿದರು. ವಿಮಾನ ಮೂಡಿದ್ದೇ ತಡ, ಅವನ ಕಣ್ಣು ಮಿನುಗಿತು. ನಾನು ದಿನವೆಲ್ಲ ಕೂರುವ ಸ್ಟೂಲನ್ನು ಕಾಲಿಂದ ಎಳೆದುಕೊಂಡು ಕೂತ. ನಾನು ಆಗತಾನೇ ಒರೆಸಿಟ್ಟ ಗುಂಡಿಗಳ ಮೇಲೆ ಎರಡೂ ಕೈ ಇಟ್ಟ. ಆ ಯಂತ್ರದಲ್ಲಿ ನನ್ನ ಕೈ ತಾಗದ ಜಾಗ ಅವತ್ತು ಒಂದೂ ಇರಲಿಲ್ಲ. ತಂಬಿಗೆಯೂ ಇಲ್ಲ, ಮಾವಿನ ಎಲೆಯೂ ಇಲ್ಲ. ಮೈಲಿಗೆ ಎಲ್ಲಿಗೆ ಹೋಗಿತ್ತೋ! ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ತುಟಿ ಕಚ್ಚಿಕೊಂಡು ಹೊಡೆದ. ಕೆಡುತ್ತಿದ್ದ ಜಾಗ ದಾಟಿತು. ಮುಂದಕ್ಕೂ ಹೋಯಿತು. ಅವನು ಜನ್ಮದಲ್ಲಿ ಕಂಡಿರದ ನದಿ, ಸೇತುವೆಗಳೆಲ್ಲ ಬಂದವು.

“ಆಯ್ತಾ ಸಾವ್ಕಾರ್ರೇ?” ಎಂದರು ಭಾಯಿ.

“ಹೂಂ, ಹೂಂ, ತಡಿಯೋ ಮಾರಾಯ, ಇನ್ನೊಂದು ವಿಮಾನ ಬರ್ತೈತೆ.”

“ಹೂಂ ಅಂದ್ರಲ್ಲ, ಎಲ್ಲರೂ ಕೇಳಿದ್ರಿ” ಎಂದು ಭಾಯಿ ಬಾಗಿಲಲ್ಲಿದ್ದವರ ಕಡೆ ತಿರುಗಿ ಹೇಳಿದರು.

ಆಟ ಮುಗಿದ ಮೇಲೆ ಅವನಿಗೆ ಮೈಮೇಲೆ ಎಚ್ಚರ ಬಂತು. ಸ್ಟೂಲಿನಿಂದ ಎದ್ದು ಪಂಚೆ ಕೊಡವಿಕೊಂಡ. ಆಳಿಗೆ ಕಣ್ಸನ್ನೆ ಮಾಡಿದ. ಆಳು ಯಂತ್ರವನ್ನು ಬರಿಗೈಯಲ್ಲಿ ಮುಟ್ಟದೆ, ಟವೆಲು ಹೊದಿಸಿ ಎತ್ತಿಕೊಂಡ. ಅದು ಆ ಮನೆಗೆ ಹೋಗಿ ಏನೇನು ಕುಡಿಯಿತೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಆಗಲಿಲ್ಲ.

ಭಾಯಿ ಅಂಗಡಿಯ ಹೆಸರಿದ್ದ ಹಾಳೆ ತೆಗೆದು ತಮ್ಮ ವಕ್ರ ಅಕ್ಷರದಲ್ಲಿ ಬರೆದರು, ಸೈನ್ ಹಾಕಿ ಮೊಹರು ಒತ್ತಿದರು.

“ಇದು ನಿನ್ನ ಹಕ್ಕು, ತಗೋ” ಅಂದರು. “ಆದ್ರೆ ನಾಳೆಯಿಂದ ಅಂಗಡಿಗೆ ಬರಬ್ಯಾಡಪ್ಪ. ಮಿಲ್ಲಿನೋರೆಲ್ಲ ಒಬ್ಬರಿಗೊಬ್ಬರು ಬೀಗರು. ನಾನು ಈ ಊರಾಗೆ ಬದುಕಬೇಕು.”

ಅವರ ಮೇಲೂ ಹೇಸಿಗೆಯಾಯಿತು. ಆದರೂ ಎರಡೂ ಕೈಯಿಂದಲೇ ಇಸಿದುಕೊಂಡೆ. ಸಿಡಿಲು ಎಂದು ಸುಳ್ಳು ಹೇಳಿ ಬರೆಸಿಕೊಂಡ ಸರ್ಟಿಫಿಕೇಟ್ ಅದಲ್ಲ.

ಮರುದಿನ ಅರ್ಜಿ ಕೊಡಲು ಜಗಳೂರಿನ ಬಸ್ಸು ಹತ್ತಿದೆ. ನನ್ನವ್ವನ ತಂಗಿಯನ್ನು ಆ ತಾಲ್ಲೂಕಿನ ಬಿಳಿಚೋಡಿಗೆ ಕೊಟ್ಟಿತ್ತು. ದಾರಿಯಲ್ಲಿ ಇಳಿದು ಚಿಕ್ಕವ್ವನ ಮನೆಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಕವರಿನಿಂದ ಸರ್ಟಿಫಿಕೇಟ್ ತೆಗೆದು ಅವಳ ಕೈಗೆ ಕೊಟ್ಟೆ. ಓದಲು ಬಾರದವಳು ಅದನ್ನು ತಿರುಗಿಸಿ, ಹಿಟ್ಟಿನ ಬೆರಳು ತಾಗದ ಹಾಗೆ ಅಂಚಿನಲ್ಲಿ ಹಿಡಿದು, ಬೆಳಕಿಗೆ ನೋಡಿದಳು.

“ಇದ್ರಾಗೆ ಆ ಗಂಜಲದ ವಿಷ್ಯ ಬರ್ದವ್ರೇನೋ?”

“ಇಲ್ಲ ಚಿಕ್ಕವ್ವ.”

“ಮತ್ತೆ ಏನ್ ಬರ್ದವ್ರೆ?”

“ನನಗೆ ಕೆಲಸ ಚೆನ್ನಾಗಿ ಬರ್ತೈತೆ ಅಂತ.”

“ಹಂಗಾದ್ರೆ ಬರೀಬೇಕಾದ್ದನ್ನೇ ಬಿಟ್ಟವ್ರೆ ಬಿಡು” ಅಂದಳು. “ಒಳಗಿಟ್ಟು ಬಾ, ರೊಟ್ಟಿ ಆರ್ತೈತೆ.”